ಕೆಚ್ಚಲು ಬಾವು ಮತ್ತೆ ಮತ್ತೆ ಬರೋದ್ಯಾಕೆ?

ಜೀವಾಮೃತಕ್ಕೆಂದು ಸಾಕಿದ ನನ್ನ ಹಸುವಿಗೆ ಎರಡು ಸಲ ಕೆಚ್ಚಲು ಬಾವು ಬಂತು. ಒಮ್ಮೆ ಬಂದ್ಮೇಲೆ ರೋಗನಿರೋಧಕ ಶಕ್ತಿ ಬೆಳೆಯಬೇಕಲ್ವಾ ಅಂದುಕೊಂಡಿದ್ದೆ.

ಈ ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಮುಖ್ಯವಾದದ್ದು. ನಮಗೆ ಕುರು ಏಳೋದಕ್ಕೂ ಇದೇ ಕಾರಣ. ದೇಹದ ಪ್ರತಿಕಾಯ ತನ್ನ ತಲೆಯಿಂದ ರೋಗಾಣುವನ್ನು ಹಿಡಿಯುತ್ತೆ. ಅದರ ಬಾಲ ಹಿಡಿದು ಬಿಳಿರಕ್ತಕಣ ರೋಗಾಣುವನ್ನು ನುಂಗುತ್ತೆ. ಆದರೆ ಈ ಬ್ಯಾಕ್ಟೀರಿಯಾದ ಮೈಮೇಲಿರುವ 'ಪ್ರೋಟೀನ್ ಎ' ಪ್ರತಿಕಾಯದ ಬಾಲವನ್ನೇ ಹಿಡಿದುಬಿಡುತ್ತೆ. ಬಿಳಿರಕ್ತಕಣಕ್ಕೆ ಹಿಡಿಕೆಯೇ ಸಿಗಲ್ಲ!

ಹಾಗಾಗಿ ಬರದಂತೆ ತಡೆಯೋದೇ ಜಾಣತನ. ಕೈ ತೊಳೆದು ಹಾಲು ಹಿಂಡಿ, ರೋಗದ ಹಸುವನ್ನು ಕೊನೆಗಿಡಿ. ಹಿಂಡಿದ ಮೇಲೆ ಮೊಲೆತೊಟ್ಟುಗಳನ್ನು ಅದಕ್ಕೆಂದೇ ಸಿಗುವ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಪಶುವೈದ್ಯರು ಹೇಳಿದಷ್ಟು ದಿನ ಔಷಧಿ ಕೊಡಿ. ಬಾವು ಇಳಿಯಿತೆಂದು ನಾನು ನಡುವೆಯೇ ನಿಲ್ಲಿಸಿದ್ದೆ. ನೀವು ಆ ತಪ್ಪು ಮಾಡಬೇಡಿ.