ನಾರುಹುಣ್ಣು ಹೋದದ್ದು ಹೇಗೆ?



ನಾರುಹುಣ್ಣು ಎಂಬ ರೋಗದ ಹೆಸರು ಕೇಳಿದ್ದೀರಾ? ನಮ್ಮ ಚಾರ್ಮಾಡಿಯಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆದರೆ ನಮ್ಮದೇ ರಾಜ್ಯದ ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಹಿಂದೆ ಇದು ಇತ್ತು.

ಅಲ್ಲಿ ಜನರು ಮೆಟ್ಟಿಲು ಬಾವಿಗೆ ಇಳಿದು, ನೀರಿಗೆ ಕಾಲಿಟ್ಟು ಕೊಡ ತುಂಬಿಸುತ್ತಿದ್ದರು. ಆ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ. ಅದರೊಳಗೆ ನಾರುಹುಳದ ಮರಿ. ನೀರು ಕುಡಿದವರ ದೇಹಕ್ಕೆ ಮರಿ ಸೇರುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹೆಚ್ಚಾಗಿ ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಎರಡು ಮೂರು ಅಡಿ ಉದ್ದದ ನೂಲಿನಂಥ ಹುಳ ಹೊರಗೆ ಬರುತ್ತದೆ. ಜೋರಾಗಿ ಎಳೆದರೆ ತುಂಡಾಗುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಉರಿ ತಾಳಲಾರದೆ ಕಾಲನ್ನು ನೀರಿನಲ್ಲಿಟ್ಟರೆ ಹುಳ ಸಾವಿರಾರು ಮರಿ ಬಿಡುತ್ತದೆ. ಪುನಃ ಅದೇ ಕಥೆ.

ಇದಕ್ಕೆ ಲಸಿಕೆ ಇಲ್ಲ, ಗುಣಮಾಡುವ ಔಷಧವೂ ಇಲ್ಲ. ಹಾಗಾದರೆ ರೋಗ ಹೋದದ್ದು ಹೇಗೆ? ಹುಡುಕಿ ಹುಡುಕಿ! 1984ರಲ್ಲಿ ನಮ್ಮ ದೇಶದಲ್ಲಿ ಸುಮಾರು 40,000 ರೋಗಿಗಳು ಸಿಕ್ಕಿದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಹುಣ್ಣು ಇದ್ದವರು ಬಾವಿಗೆ ಇಳಿಯದಂತೆ ನೋಡಿಕೊಂಡರು. ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು. ಬಾವಿಗೆ ಮದ್ದು ಹಾಕಿದರು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. ಆದರೂ ಹುಡುಕುವುದನ್ನು ಬಿಡಲಿಲ್ಲ. ಯಾಕೆಂದರೆ ಹುಳ ಒಂದು ವರ್ಷ ಅಡಗಿ ಕೂತಿರುತ್ತದಲ್ಲ! ಮೂರು ವರ್ಷ ಹುಡುಕಿ, “ಯಾರಿಗೂ ಇಲ್ಲ” ಎಂದು ಖಾತ್ರಿಯಾದ ಮೇಲೆಯೇ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ನಾವು ಬಾವಿಗೆ ಇಳಿಯುವುದಿಲ್ಲ, ರಾಟೆಯಲ್ಲಿ ನೀರು ಸೇದುತ್ತೇವೆ. ಹಾಗಾಗಿ ಈ ಹುಳಕ್ಕೆ ನಮ್ಮಲ್ಲಿ ದಾರಿ ಇಲ್ಲ. ಆದರೆ ಭೇದಿ, ಕಾಮಾಲೆ ನೀರಿನಿಂದ ಬರುತ್ತವೆ.

ಒಂದು ನಿಜ ಹೇಳುತ್ತೇನೆ. ಕಳೆದ ಮಳೆಗಾಲ ನನ್ನ ತಮ್ಮನಿಗೆ ಭೇದಿ ಆಗಿತ್ತು. ಆಶಾ ಅಕ್ಕ ಬಂದು ಕೇಳಿದಾಗ ನಾನು ನಾಚಿಕೆಯಿಂದ “ಎಂತದೂ ಇಲ್ಲ ಅಕ್ಕ” ಅಂದೆ. ಅವರು ಹಾಗೆಯೇ ಬರೆದುಕೊಂಡು ಹೋದರು. ಅದೇ ವಾರ ಪಕ್ಕದ ಮನೆಯ ಮಗುವಿಗೂ ಭೇದಿ ಶುರುವಾಯಿತು. ನಮ್ಮಿಬ್ಬರ ಮನೆಗೂ ಒಂದೇ ಬಾವಿ. ಮಗು ಗುಣವಾಯಿತು, ಆದರೆ ತುಂಬಾ ಸೋತುಹೋಗಿತ್ತು. ನಾನು ಇದ್ದದ್ದನ್ನು ಹೇಳಿದ್ದರೆ ಬಾವಿಗೆ ಬ್ಲೀಚಿಂಗ್ ಪುಡಿ ಮೊದಲೇ ಬೀಳುತ್ತಿತ್ತೋ ಏನೋ.

ಆದ್ದರಿಂದ ಸ್ನೇಹಿತರೇ, ನೀರನ್ನು ಕುದಿಸಿ ಕುಡಿಯೋಣ. ಕೇಳಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ.