ದುಬಾರಿ ಫ್ಯಾನ್ ಕೊಳ್ಳುವ ಮುನ್ನ ಕರೆಂಟ್ ಬಿಲ್ ನೋಡಿ

ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 1,500 ರೂಪಾಯಿಗೆ ಸಿಗುವಾಗ 2,800 ಕೊಟ್ಟು ಬಿಎಲ್‌ಡಿಸಿ (ಬ್ರಷ್‌ರಹಿತ ಡಿಸಿ ಮೋಟಾರಿನ) ಫ್ಯಾನ್ ತರಬೇಕೆ? ಎಲೆಕ್ಟ್ರಿಕಲ್ ಅಂಗಡಿಗೆ ಹೋದವರೆಲ್ಲ ಈಗ ಈ ಪ್ರಶ್ನೆ ಎದುರಿಸುತ್ತಾರೆ. ‘ಅರ್ಧಕ್ಕಿಂತ ಕಮ್ಮಿ ಕರೆಂಟ್ ಎಳೆಯುತ್ತೆ ಸಾರ್, ವರ್ಷದಲ್ಲಿ ದುಡ್ಡು ವಾಪಸ್’ ಎನ್ನುತ್ತಾರೆ ಅಂಗಡಿಯವರು. ಮಾತು ಸುಳ್ಳಲ್ಲ, ಆದರೆ ಎಲ್ಲರ ಮನೆಗೂ ಹೊಂದುವುದಿಲ್ಲ. ನಿಮ್ಮ ಮನೆಗೆ ಹೊಂದುತ್ತದೆಯೇ ಎಂದು ತಿಳಿಯಲು ಒಂದು ಹಾಳೆ, ಪೆನ್ನು, ಕಳೆದ ಕೆಲವು ತಿಂಗಳ ಕರೆಂಟ್ ಬಿಲ್ ಸಾಕು.

ಮೊದಲು ಗಂಟೆ ಎಣಿಸಿ

ಫ್ಯಾನ್ ಯಾವ ಕೋಣೆಗೆ, ಅಲ್ಲಿ ದಿನಕ್ಕೆ ಎಷ್ಟು ಗಂಟೆ ತಿರುಗುತ್ತದೆ ಎಂದು ಬರೆದುಕೊಳ್ಳಿ. ಅಂದಾಜು ಬೇಡ, ಒಂದು ವಾರ ಗಮನಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಆರಿಸುವ ಮಾತೇ ಇಲ್ಲ. ಮಡಿಕೇರಿಯಲ್ಲಿ ವರ್ಷದ ಬಹುಪಾಲು ಅದರ ಗೊಡವೆಯೇ ಬೇಡ. ಹಾಗಾಗಿ ನೆಂಟರ ಮನೆಯ ಲೆಕ್ಕ ನಿಮಗೆ ನಡೆಯದು.

ಆಮೇಲೆ ವ್ಯಾಟ್ ನೋಡಿ. ಹಳೆಯ ಫ್ಯಾನ್ ಸಾಮಾನ್ಯವಾಗಿ 75 ವ್ಯಾಟ್, ಬಿಎಲ್‌ಡಿಸಿ 30 ವ್ಯಾಟ್ ಆಸುಪಾಸು ಎಳೆಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಡಬ್ಬಿಯ ಮೇಲೆ ವ್ಯಾಟ್ ಜೊತೆಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಬೀಸುತ್ತದೆ ಎಂಬುದನ್ನೂ ಓದಿ. ಕರೆಂಟ್ ಉಳಿಸಿ ಗಾಳಿಯನ್ನೂ ಉಳಿಸುವ ಫ್ಯಾನ್ ಯಾರಿಗೂ ಬೇಡ.

ಈಗ ಲೆಕ್ಕ. 1,000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ವ್ಯತ್ಯಾಸ 45 ವ್ಯಾಟ್. ದಿನಕ್ಕೆ 12 ಗಂಟೆ ಹಾಕಿದರೆ ತಿಂಗಳಿಗೆ 16 ಯೂನಿಟ್, ವರ್ಷಕ್ಕೆ ಸುಮಾರು 197 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 1,180 ರೂಪಾಯಿ. ಹೆಚ್ಚಿಗೆ ಕೊಟ್ಟ 1,300 ಹದಿಮೂರು ಹದಿನಾಲ್ಕು ತಿಂಗಳಲ್ಲಿ ಕೈಸೇರಿತು. ಅದೇ ಫ್ಯಾನನ್ನು ದಿನಕ್ಕೆ ಒಂದೇ ಗಂಟೆ ತಿರುಗುವ ಅತಿಥಿಗಳ ಕೋಣೆಗೆ ಹಾಕಿದರೆ ವರ್ಷಕ್ಕೆ ಉಳಿಯುವುದು ನೂರು ರೂಪಾಯಿ. ಹದಿಮೂರು ವರ್ಷ ಕಾಯಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಹಳೆಯದು ಕೆಟ್ಟುಹೋಗಿದ್ದರೆ ಮಾತ್ರ 1,300ರ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಹೇಗೂ ಒಂದು ಫ್ಯಾನ್ ತರಲೇಬೇಕು. ಚೆನ್ನಾಗಿ ತಿರುಗುತ್ತಿರುವುದನ್ನು ಇಳಿಸಿ ಹೊಸದು ಹಾಕುವುದಾದರೆ ಪೂರ್ತಿ 2,800 ಖರ್ಚೇ. ಅದು ಮರಳಲು ಎರಡೂವರೆ ವರ್ಷ ಹತ್ತಿರ ಬೇಕು.

ಗೃಹಜ್ಯೋತಿ ಇದ್ದವರ ಲೆಕ್ಕ ಬೇರೆ

ಕರ್ನಾಟಕದವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2023ರಲ್ಲಿ ಬಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡಿದ್ದಾರೆ. 200 ಅದರ ಗರಿಷ್ಠ. ನಿಮ್ಮ ಬಿಲ್ ತಿಂಗಳು ತಿಂಗಳೂ ಸೊನ್ನೆ ಬರುತ್ತಿದ್ದರೆ, ಬಿಎಲ್‌ಡಿಸಿ ಹಾಕಿದರೂ ನಿಮ್ಮ ಜೇಬಿಗೆ ಉಳಿಯುವುದು ಸೊನ್ನೆಯೇ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನಿಮ್ಮ ಮಿತಿ 120 ಇದ್ದು ಬಳಕೆ 150 ಇದ್ದರೆ, ಮೇಲಿನ 30 ಯೂನಿಟ್‌ಗೆ ದುಡ್ಡು ಕಟ್ಟುತ್ತಿದ್ದೀರಿ. ಫ್ಯಾನ್ ಉಳಿಸುವ 16 ಯೂನಿಟ್ ಅದರಲ್ಲೇ ಕಳೆಯುವುದರಿಂದ ತಿಂಗಳಿಗೆ ನೂರರ ಹತ್ತಿರ ಲಾಭ. ಎಲ್ಲರಿಗಿಂತ ಹೆಚ್ಚು ಲಾಭ 200ರ ಗಡಿಯಲ್ಲಿರುವವರಿಗೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 210 ಯೂನಿಟ್ ಬಳಸುತ್ತಿದ್ದವರು ಒಂದೇ ಫ್ಯಾನ್ ಬದಲಿಸಿ 194ಕ್ಕೆ ಇಳಿದರೆ, ಆ ಒಂದು ತಿಂಗಳ ಉಳಿತಾಯವೇ ಫ್ಯಾನಿನ ಬೆಲೆಯಲ್ಲಿ ದೊಡ್ಡ ಪಾಲು ತೀರಿಸುತ್ತದೆ. ಬೇಸಿಗೆಯ ಮೂರು ತಿಂಗಳ ಬಿಲ್ ತೆಗೆದು ನೋಡಿ. ಗಡಿ ದಾಟುವುದು ಹೆಚ್ಚಾಗಿ ಆಗಲೇ.

ಕೆಟ್ಟರೆ ಏನು ಗತಿ?

ಹಳೆಯ ಫ್ಯಾನ್ ನಿಧಾನವಾದರೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಬಂದು, ಮೇಲಿನ ಕಪ್ಪು ಬಟ್ಟಲು ಇಳಿಸಿ, ಹೆಬ್ಬೆರಳಿನಷ್ಟಿರುವ ಕೆಪಾಸಿಟರ್ ಬದಲಿಸಿ ಹೋಗುತ್ತಾನೆ. ಖರ್ಚು ಅಲ್ಪ. ಬಿಎಲ್‌ಡಿಸಿಯೊಳಗೆ ಇರುವುದು ಎಲೆಕ್ಟ್ರಾನಿಕ್ ಬೋರ್ಡ್. ಅದು ಸುಟ್ಟರೆ ಅದೇ ಕಂಪನಿಯ ಬೋರ್ಡೇ ಬೇಕು, ವಾರಂಟಿ ಮುಗಿದಿದ್ದರೆ ಅದರ ಬೆಲೆ ನೀವೇ ತೆರಬೇಕು. ಆದ್ದರಿಂದ ವಾರಂಟಿ ಎಷ್ಟು ವರ್ಷ, ಅದರಲ್ಲಿ ಬೋರ್ಡ್ ಸೇರಿದೆಯೇ, ನಿಮ್ಮ ತಾಲ್ಲೂಕಿನಲ್ಲಿ ಸರ್ವಿಸ್ ಇದೆಯೇ ಎಂದು ಕೇಳಿ. ದುಡ್ಡು ವಾಪಸಾಗುವ ಅವಧಿಗಿಂತ ವಾರಂಟಿ ಉದ್ದವಿರಬೇಕು. ಇಲ್ಲದಿದ್ದರೆ ಸಾಮಾನ್ಯ ಫ್ಯಾನೇ ವಾಸಿ. ಅಂದಹಾಗೆ, ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿಯೇ ಬಿಎಲ್‌ಡಿಸಿ ಹಾಕಿಸಿ.

ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ, ಮನೆಯಲ್ಲಿ ಯುಪಿಎಸ್ ಇದ್ದರೆ, ಈ ಎಲ್ಲ ಲೆಕ್ಕದ ಆಚೆಗೂ ಬಿಎಲ್‌ಡಿಸಿಗೇ ನನ್ನ ಮತ. ಅದೇ ಬ್ಯಾಟರಿಯಲ್ಲಿ ಫ್ಯಾನ್ ಎರಡು ಪಟ್ಟು ಹೊತ್ತು ತಿರುಗುತ್ತದೆ. ಮನೆಯಲ್ಲಿ ಹಸುಗೂಸೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ರಾತ್ರಿಯ ಆ ಹೆಚ್ಚಿನ ಹೊತ್ತಿಗೆ ಬೆಲೆ ಕಟ್ಟಲಾಗದು.

ಕೊನೆಗೆ ದುಡ್ಡು ಕೊಡುವ ಬಗೆ. ‘ನೋ ಕಾಸ್ಟ್ ಇಎಂಐ’ ಎಂದರೆ ಮೊದಲು ನಗದು ಬೆಲೆ ಕೇಳಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಎಲ್ಲೋ ಒಂದು ಕಡೆ ಸೇರಿರುತ್ತದೆ: ನಿಮಗೆ ಸಿಗಬೇಕಿದ್ದ ರಿಯಾಯಿತಿಯಲ್ಲೋ, ಪ್ರೊಸೆಸಿಂಗ್ ಶುಲ್ಕದಲ್ಲೋ. ನಗದಿಗೆ 200 ರೂಪಾಯಿ ಕಡಿಮೆಯಾಗುವುದಾದರೆ ನಗದೇ ಕೊಡಿ. ಹಾಗೆಯೇ ಬಿಲ್ ಮೇಲೆ ತಾರೀಖು, ಮಾದರಿ ಸಂಖ್ಯೆ ಬರೆಸಿಕೊಂಡು, ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ.