ಫಾಕ್ಸ್‌ಪ್ರೋ ಲೆಕ್ಕದಿಂದ ಹೊಸ ತಂತ್ರಾಂಶಕ್ಕೆ: ವರ್ತಕರು ಗಮನಿಸಬೇಕಾದ ಅಂಶಗಳು

ಗಣಕಯಂತ್ರವು ಅಂಗಡಿ, ಮಂಡಿಗಳನ್ನು ಪ್ರವೇಶಿಸಿದ 1990ರ ದಶಕದಲ್ಲಿ ಎಲ್ಲ ಬಗೆಯ ವ್ಯಾಪಾರಕ್ಕೂ ಹೊಂದುವ ಸಿದ್ಧ ತಂತ್ರಾಂಶಗಳು ವಿರಳವಾಗಿದ್ದವು. ಆದುದರಿಂದ ಅನೇಕ ವರ್ತಕರು ತಮ್ಮ ಪದ್ಧತಿಗೆ ತಕ್ಕಂತೆ ಪಟ್ಟಿ, ಹಮಾಲಿ, ತೂಕದ ಕೂಲಿ, ದಲ್ಲಾಳಿ, ರೈತರ ಮುಂಗಡ ಇವುಗಳ ಲೆಕ್ಕವನ್ನು ಸ್ಥಳೀಯ ಪ್ರೋಗ್ರಾಮರ್‌ಗಳಿಂದ ಫಾಕ್ಸ್‌ಪ್ರೋದಲ್ಲಿ ಬರೆಸಿಕೊಂಡರು. ಅಂತಹ ಪ್ರೋಗ್ರಾಂ ಇಂದಿಗೂ ಬಳಕೆಯಲ್ಲಿರುವ ಸಂಸ್ಥೆಗಳು ಬದಲಾವಣೆಯನ್ನು ಮುಂದೂಡದೆ, ಆದರೆ ಆತುರವನ್ನೂ ಪಡದೆ, ಕ್ರಮಬದ್ಧವಾಗಿ ಕೈಗೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಬದಲಾವಣೆ ಏಕೆ?

ಫಾಕ್ಸ್‌ಪ್ರೋವನ್ನು ರೂಪಿಸಿದ ಫಾಕ್ಸ್ ಸಾಫ್ಟ್‌ವೇರ್ ಸಂಸ್ಥೆಯು 1992ರಲ್ಲಿ ಮೈಕ್ರೋಸಾಫ್ಟ್‌ನ ವಶವಾಯಿತು. 2004ರಲ್ಲಿ ಹೊರಬಂದ ವಿಷುಯಲ್ ಫಾಕ್ಸ್‌ಪ್ರೋ 9 ಕೊನೆಯ ಪ್ರಮುಖ ಆವೃತ್ತಿ. ಮುಂದಿನ ಆವೃತ್ತಿ ಇಲ್ಲವೆಂದು 2007ರ ಮಾರ್ಚ್‌ನಲ್ಲಿ ಪ್ರಕಟಿಸಲಾಯಿತು. 2015ರ ಜನವರಿಯಲ್ಲಿ ಬೆಂಬಲವೂ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇವಲ 64 ಬಿಟ್ ವ್ಯವಸ್ಥೆಯಾದುದರಿಂದ ಡಾಸ್ ಕಾಲದ ಫಾಕ್ಸ್‌ಪ್ರೋ ಅದರಲ್ಲಿ ನೇರವಾಗಿ ಚಾಲನೆಗೊಳ್ಳುವುದಿಲ್ಲ. ವಿಷುಯಲ್ ಫಾಕ್ಸ್‌ಪ್ರೋದ ಪ್ರೋಗ್ರಾಂಗಳು ಇನ್ನೂ ಓಡುತ್ತವೆಯಾದರೂ ದೋಷ ಕಂಡುಬಂದಲ್ಲಿ ಸರಿಪಡಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಪ್ರೋಗ್ರಾಂ ಯಾರ ಸ್ವತ್ತು?

ಹಣ ಕೊಟ್ಟು ಬರೆಸಿದ ಮಾತ್ರಕ್ಕೆ ಪ್ರೋಗ್ರಾಂ ತನ್ನದೆಂದು ವರ್ತಕನು ಭಾವಿಸುವುದು ಸಹಜ. ಆದರೆ ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ವರ್ತಕನ ನೌಕರನಲ್ಲದ ಸ್ವತಂತ್ರ ಪ್ರೋಗ್ರಾಮರ್ ಬರೆದುಕೊಟ್ಟಲ್ಲಿ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಆತನೇ ಅದರ ಪ್ರಥಮ ಸ್ವಾಮಿ. ಹಕ್ಕಿನ ವರ್ಗಾವಣೆಯು ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದಲ್ಲಿ ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಹೊಸ ತಂತ್ರಾಂಶವನ್ನು ಬರೆಸುವವರು ಸೋರ್ಸ್ ಕೋಡ್‌ನ ಹಸ್ತಾಂತರ, ಹಕ್ಕಿನ ಅವಧಿ ಮತ್ತು ದತ್ತಾಂಶವನ್ನು ಸಾಮಾನ್ಯ ರೂಪದಲ್ಲಿ ಹೊರತೆಗೆಯುವ ಸೌಲಭ್ಯ, ಈ ಮೂರನ್ನು ಕರಾರಿನಲ್ಲಿ ಸೇರಿಸತಕ್ಕದ್ದು.

ತಾಳೆಪಟ್ಟಿ ಹೊಂದಿದರೆ ಸಾಲದು

ತುಮಕೂರು ನಗರದಲ್ಲಿ ಮುಖ್ಯ ಕಚೇರಿಯೂ, ಗುಬ್ಬಿ ಮತ್ತು ಕುಣಿಗಲ್‌ಗಳಲ್ಲಿ ಶಾಖೆಗಳೂ ಇರುವ ಅಡಿಕೆ-ಕೊಬ್ಬರಿ ವ್ಯಾಪಾರ ಸಂಸ್ಥೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹಳೆಯ ಕಡತಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸಿದ ಮೇಲೆ ತಾಳೆಪಟ್ಟಿಯ ಎರಡೂ ಬದಿಗಳು ಸರಿಹೊಂದಿದವೆಂದರೆ ಕೆಲಸ ಮುಗಿಯಿತೆಂಬ ಭಾವನೆ ಉಂಟಾಗುವುದು. ಇದು ಅಪಾಯಕಾರಿ. ಅದಕ್ಕೆ ನಾಲ್ಕು ಕಾರಣಗಳಿವೆ.

ಒಂದು, ಅಳಿಸಿದ ದಾಖಲೆಗಳು. ಫಾಕ್ಸ್‌ಪ್ರೋದಲ್ಲಿ 'ಡಿಲೀಟ್' ಆದೇಶವು ದಾಖಲೆಗೆ ಗುರುತು ಹಾಕುತ್ತದೆಯೇ ಹೊರತು ಅದನ್ನು ತೆಗೆದುಹಾಕುವುದಿಲ್ಲ. 'ಪ್ಯಾಕ್' ಆದೇಶ ನೀಡಿದಾಗ ಮಾತ್ರ ಅದು ಅಳಿಯುತ್ತದೆ. ವರ್ಗಾವಣೆ ಮಾಡುವ ಸಾಧನವು ಈ ಗುರುತನ್ನು ಕಡೆಗಣಿಸಿದಲ್ಲಿ ರದ್ದಾದ ವೋಚರುಗಳು ಮರುಜೀವ ಪಡೆಯುತ್ತವೆ. ಗುಬ್ಬಿ ಶಾಖೆಯಲ್ಲಿ ರೈತನೊಬ್ಬನ ಹೆಸರಿಗೆ ತಪ್ಪಾಗಿ ಬರೆದು ರದ್ದುಪಡಿಸಿದ 18,500 ರೂಪಾಯಿ ಮುಂಗಡವು ಹೀಗೆ ಹಿಂತಿರುಗಿತೆನ್ನೋಣ. ಅದರ ಜಮೆ, ಖರ್ಚು ಎರಡೂ ಒಟ್ಟಿಗೆ ಬರುವುದರಿಂದ ತಾಳೆಪಟ್ಟಿ ಸರಿಯಾಗಿಯೇ ಇರುತ್ತದೆ; ಆದರೆ ರೈತನ ತಲೆಯ ಮೇಲೆ ಇಲ್ಲದ ಸಾಲ ಕುಳಿತಿರುತ್ತದೆ. ತಲೆಮಾರುಗಳಿಂದ ಬಂದ ವಿಶ್ವಾಸವು ಇಂತಹ ಒಂದು ಪಟ್ಟಿಯಿಂದ ಕೆಡಬಹುದು.

ಎರಡು, ಊರು ಮತ್ತು ಹೆಸರುಗಳು. ನಗರದ ಅಧಿಕೃತ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು 'ಟುಮ್ಕೂರ್' ಎಂಬುದರಿಂದ 'ತುಮಕೂರು' ಎಂದಾಯಿತು. ಎರಡೂ ಕಾಗುಣಿತಗಳಿಂದ ಒಬ್ಬನೇ ಗಿರಾಕಿಗೆ ಎರಡು ಖಾತೆಗಳಿರುವ ಸಾಧ್ಯತೆಯುಂಟು. ಅಲ್ಲದೆ ಹಳೆಯ ಕನ್ನಡ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ.

ಮೂರು, ಪೈಸೆಗಳ ಪೂರ್ಣಾಂಕ. ಒಂದು ಪಟ್ಟಿಯ ಮೂರು ಸಾಲುಗಳಲ್ಲಿ ತಲಾ 40.50 ರೂಪಾಯಿ ಕೂಲಿ ಇದೆಯೆನ್ನೋಣ. ಪ್ರತಿ ಸಾಲನ್ನೂ ಪೂರ್ಣಾಂಕಗೊಳಿಸಿದರೆ 123 ರೂಪಾಯಿ. ಮೊತ್ತವನ್ನು ಮಾತ್ರ ಪೂರ್ಣಾಂಕಗೊಳಿಸಿದರೆ 122. ಹಳೆಯ ಪ್ರೋಗ್ರಾಂ ಯಾವ ಕ್ರಮವನ್ನು ಅನುಸರಿಸುತ್ತಿತ್ತೆಂಬುದನ್ನು ಬರೆದಿಡದಿದ್ದಲ್ಲಿ ನಿತ್ಯವೂ ವ್ಯತ್ಯಾಸ ತಲೆದೋರುವುದು.

ನಾಲ್ಕು, ಶಾಖಾ ಖಾತೆಗಳು. ಮುಖ್ಯ ಕಚೇರಿಯಲ್ಲಿ ಕುಣಿಗಲ್ ಶಾಖೆಯ ಖಾತೆಯು ತೋರಿಸುವ ಶಿಲ್ಕು, ಕುಣಿಗಲ್‌ನ ಪುಸ್ತಕದಲ್ಲಿ ಮುಖ್ಯ ಕಚೇರಿಯ ಖಾತೆಯ ಶಿಲ್ಕಿಗೆ ಸಮನಾಗಿ, ವಿರುದ್ಧ ಬದಿಯಲ್ಲಿರಬೇಕು. ದಾರಿಯಲ್ಲಿರುವ ಸರಕು ಮತ್ತು ನಗದನ್ನು ಪ್ರತ್ಯೇಕವಾಗಿ ಪಟ್ಟಿಮಾಡಿದ ನಂತರವೇ ಈ ಹೋಲಿಕೆ ಸಾಧ್ಯ.

ಕಾನೂನಿನ ಅಗತ್ಯಗಳು

ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಮೇಲ್ಮನವಿ ಅಥವಾ ವಿಚಾರಣೆ ಬಾಕಿಯಿದ್ದಲ್ಲಿ ಅವಧಿ ಇನ್ನೂ ಹೆಚ್ಚಬಹುದು. ನಿಯಮ 56ರ ಪ್ರಕಾರ ವಿದ್ಯುನ್ಮಾನ ಲೆಕ್ಕದಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯಬೇಕು. ನಿಯಮ 57ರ ಪ್ರಕಾರ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಅಗತ್ಯವಿದ್ದಲ್ಲಿ ಕಡತಗಳ ಪಾಸ್‌ವರ್ಡ್ ಮತ್ತು ಸಂಕೇತಗಳ ವಿವರಣೆಯನ್ನೂ ಒದಗಿಸಬೇಕು. ಹಳೆಯ ಯಂತ್ರವನ್ನು ಗುಜರಿಗೆ ಹಾಕಿ, ತೆರೆಯಲಾಗದ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಂಡರೆ ಈ ಕರ್ತವ್ಯ ನೆರವೇರಿದಂತಾಗದು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕ ಸಹಿತ ದಾಖಲಿಸುವ ಹಾಗೂ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶವೇ ಕಡ್ಡಾಯ.

ಅನುಸರಿಸಬೇಕಾದ ಕ್ರಮ

1. ಹಳೆಯ ಪ್ರೋಗ್ರಾಂನಲ್ಲಿ ಅಡಗಿರುವ ನಿಯಮಗಳನ್ನು, ಅಂದರೆ ದರ, ಕಳೆತ, ಬಡ್ಡಿಯ ದಿನಗಣನೆ, ಪೂರ್ಣಾಂಕ ಕ್ರಮ ಇವುಗಳನ್ನು, ಹಿರಿಯ ಗುಮಾಸ್ತರ ನೆರವಿನಿಂದ ಕಾಗದದ ಮೇಲೆ ಬರೆದುಕೊಳ್ಳುವುದು.

2. ಏಪ್ರಿಲ್ 1ರಂದು ಬದಲಾವಣೆ ಮಾಡುವುದು. ಬಿಲ್ಲುಗಳ ಕ್ರಮಸಂಖ್ಯೆ ಹಣಕಾಸು ವರ್ಷದೊಳಗೆ ಪುನರಾವರ್ತನೆಯಾಗಬಾರದಾದ್ದರಿಂದ ಇದು ಅನುಕೂಲಕರ.

3. ಮೊದಲ ಮೂರು ತಿಂಗಳು ಎರಡೂ ತಂತ್ರಾಂಶಗಳಲ್ಲಿ ಲೆಕ್ಕ ಬರೆಯುವುದು. ಆದರೆ ಗಿರಾಕಿಗೆ ಬಿಲ್ಲನ್ನು ಹೊಸದರಿಂದ ಮಾತ್ರ ನೀಡುವುದು.

4. ಆರಂಭಿಕ ಶಿಲ್ಕನ್ನು ಖಾತೆವಾರು ಹೋಲಿಸಿ, ರೈತರು ಮತ್ತು ಗಿರಾಕಿಗಳಿಂದ ಶಿಲ್ಕು ದೃಢೀಕರಣ ಪತ್ರ ಪಡೆಯುವುದು.

5. ಹಳೆಯ ಖಾತೆಗಳೆಲ್ಲವನ್ನೂ ಪಿಡಿಎಫ್ ಹಾಗೂ ಸಾಮಾನ್ಯ ಕೋಷ್ಟಕ ರೂಪದಲ್ಲಿ ಹೊರತೆಗೆದು, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಟ್ಟು, ಆರು ತಿಂಗಳಿಗೊಮ್ಮೆ ತೆರೆದು ಪರೀಕ್ಷಿಸುವುದು.

ಎರಡೆರಡು ಬಾರಿ ಬರೆಯುವ ಶ್ರಮ ಮತ್ತು ಹೆಚ್ಚುವರಿ ವೇತನ ಹೊರೆಯೆಂದು ತೋರಬಹುದು. ಆದರೆ ತಂತ್ರಾಂಶ ಬದಲಾದರೂ ಬಾಕಿ ಕೊಡುವವರು, ಬಾಕಿ ಪಡೆಯುವವರು ಅವರೇ ಆಗಿರುತ್ತಾರೆ. ಅವರಲ್ಲಿ ಪ್ರತಿಯೊಬ್ಬರ ಖಾತೆಯೂ ಮಾರ್ಚ್ 31ರ ಸಂಜೆ ಇದ್ದಂತೆಯೇ ಏಪ್ರಿಲ್ 1ರ ಬೆಳಿಗ್ಗೆಯೂ ಇದ್ದಲ್ಲಿ ಮಾತ್ರ ಬದಲಾವಣೆ ಯಶಸ್ವಿಯಾಯಿತೆಂದು ಲೆಕ್ಕಪರಿಶೋಧಕರು ಒಪ್ಪಬಹುದು.